ಯಾವ ಕೈ ಮೊದಲು

ಮೊನ್ನೆ ಸಿಂಧನೂರಿನಲ್ಲಿ ಚಪ್ಪಲಿ ಕೊಳ್ಳಲು ಹೋಗಿದ್ದೆ. ಅಂಗಡಿಯವನು ರಬ್ಬರಿನದು, ಪ್ಲಾಸ್ಟಿಕ್ಕಿನದು ಎಂದು ಏಳೆಂಟು ಜೊತೆ ತೋರಿಸಿದ. ಯಾವುದೂ ನನಗೆ ಒಗ್ಗಲಿಲ್ಲ. ಕೊನೆಗೆ ನನ್ನ ತಲೆಯ ಬಿಳಿಕೂದಲನ್ನು ಒಮ್ಮೆ ನೋಡಿ, ಒಳಗೆ ಹೋಗಿ, ಅಪ್ಪಟ ತೊಗಲಿನ ಒಂದು ಜೊತೆ ತಂದು ಮುಂದಿಟ್ಟ. ಬೇರೆಯವರಾಗಿದ್ದರೆ ಕಾಲಿಗೆ ಹಾಕಿ ನೋಡುತ್ತಿದ್ದರು. ನಾನು ಯೋಚನೆಯೇ ಇಲ್ಲದೆ ಎತ್ತಿ ಮೂಗಿಗೆ ಹಿಡಿದೆ. ಅವನು ಬೆಚ್ಚಿಬಿದ್ದು, ಇದು ಖರೇ ತೊಗಲೇ, ನಂಬಿಕೆ ಇಲ್ಲದಿದ್ದರೆ ಬೆಂಕಿಕಡ್ಡಿ ಗೀರಿ ತೋರಿಸುತ್ತೇನೆ ಎಂದ. ಪಾಪ, ಚಪ್ಪಲಿಯ ವಿಷಯದಲ್ಲಿ ನನ್ನ ಮೂಗಿಗಿರುವ ಅನುಭವ ಅವನ ಇಡೀ ಅಂಗಡಿಗೆ ಇಲ್ಲ ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು?

ನಗಬೇಡಿ. ಒಂಬತ್ತನೆಯ ವಯಸ್ಸಿನಿಂದ ಹನ್ನೊಂದರವರೆಗೆ ಮಸ್ಕಿಯಲ್ಲಿ ನಾನು ಮೂಸದ ಚಪ್ಪಲಿ ಇರಲಿಲ್ಲ. ನನಗೆ ಮೂರ್ಛೆ ಬರುತ್ತಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದ ವರ್ಷಗಳವು. ಮೂರ್ಛೆ ಬಂದವರ ಮೂಗಿಗೆ ತೊಗಲಿನ ಚಪ್ಪಲಿ ಹಿಡಿಯಬೇಕು ಎಂಬುದು ಊರಿಗೆಲ್ಲ ಗೊತ್ತಿದ್ದ ವೈದ್ಯ. ನಾನು ಬಿದ್ದೆನೆಂದರೆ ಯಾರು ಹತ್ತಿರ ಇರುತ್ತಾರೋ ಅವರು ಕಾಲಿಂದ ಒಂದನ್ನು ಕಿತ್ತು ನನ್ನ ಮೂಗಿಗೆ ಒಡ್ಡುತ್ತಿದ್ದರು. ಎಚ್ಚರ ಬರುವಾಗ ಎಲ್ಲಕ್ಕಿಂತ ಮೊದಲು ಬರುತ್ತಿದ್ದದ್ದು ವಾಸನೆ. ಕಣ್ಣು ತೆರೆಯುವ ಮೊದಲೇ ನಾನು ಹೇಳಬಲ್ಲವಳಾಗಿದ್ದೆ: ಇದು ಅಪ್ಪನದು, ಹಿಟ್ಟು ಬಡಿದಿದೆ, ಇದು ಪೋಸ್ಟಿನವನದು, ಸೈಕಲ್ಲಿನ ಎಣ್ಣೆ ಹತ್ತಿದೆ, ಇದು ಯಾರದೋ ಗಿರಾಕಿಯದು, ದನದ ಕೊಟ್ಟಿಗೆಯಿಂದ ಸೀದಾ ಬಂದವನು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಕೆ ಕಂಡವರ ಮನೆಯ ನೀರು ಕುಡಿಯುವವಳಲ್ಲ. ಆದರೆ ಮೊಮ್ಮಗಳ ಮೂಗಿಗೆ ಮಾತ್ರ ಯಾರ ಚಪ್ಪಲಿಯಾದರೂ ನಡೆಯುತ್ತಿತ್ತು. ನಮ್ಮ ಮನೆಯಲ್ಲಿ ಜಾತಿಭೇದ ಅಳಿದದ್ದು ಆ ಒಂದು ಜಾಗದಲ್ಲಿ ಮಾತ್ರ.

ಚಪ್ಪಲಿ ಒಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ನಮ್ಮ ಮನೆಯಲ್ಲಿ ಮೂರ್ಛೆಗೊಂದು ಪೂರಾ ಕ್ರಮವಿತ್ತು. ಅಪ್ಪ ಮನೆಯ ಮುಂದಿನ ಪಡಸಾಲೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ. ನಾನು ಬಿದ್ದ ಸದ್ದಿಗೇ ಆಯಿ ಒಳಗಿನಿಂದ ‘ಬಂತು’ ಎಂದು ಕೂಗಿದಳೆಂದರೆ ಅಪ್ಪ ಗಿರಣಿಯ ಬಾಗಿಲಿನ ಗೇಣುದ್ದದ ಕಬ್ಬಿಣದ ಕೀಲಿಕೈ ಹಿಡಿದು ಓಡಿಬರುತ್ತಿದ್ದ. ಅದನ್ನು ನನ್ನ ಬಲಗೈಯೊಳಗಿಟ್ಟು ಮುಷ್ಟಿಯನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತಿದ್ದ. ಯಾಕೆ ಬಲಗೈ ಎಂದರೆ, ಒಳ್ಳೆಯದನ್ನು ಯಾರಾದರೂ ಎಡಗೈಗೆ ಕೊಡುತ್ತಾರೇನು? ಅವ್ವ ಕಂಬಳಿ ತಂದು ನನ್ನ ತಲೆಯಿಂದ ಕಾಲಿನವರೆಗೆ ಹೊದಿಸುತ್ತಿದ್ದಳು. ಆಮೇಲೆ ಎಲ್ಲರೂ ಗೋಡೆಯ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದರು. ಆ ಹೊತ್ತಿನ ಮುಖ ನೋಡಿದವರಿಗೆ ಅದು ಹತ್ತುತ್ತದೆ ಎಂದು ಆಯಿಯ ನಂಬಿಕೆ. ಹೆತ್ತವಳು ನೋಡಿದರಂತೂ ಅದು ಮನೆ ಬಿಟ್ಟು ಹೋಗುವುದೇ ಇಲ್ಲವಂತೆ. ಹಾಗಾಗಿ ಚಪ್ಪಲಿ ಹಿಡಿಯುವ ಪುಣ್ಯಾತ್ಮನೂ ಮುಖವನ್ನು ಆಚೆ ಮಾಡಿ, ಕೈಯನ್ನಷ್ಟೇ ಕಂಬಳಿಯೊಳಗೆ ತೂರಿಸಬೇಕಾಗುತ್ತಿತ್ತು. ಎಷ್ಟೋ ಸಲ ಚಪ್ಪಲಿ ನನ್ನ ಕಿವಿಗೆ ಸಿಕ್ಕಿದ್ದೂ ಉಂಟು.

ಐದನೆಯ ಇಯತ್ತೆಯಲ್ಲಿ ಒಮ್ಮೆ ಶಾಲೆಯಲ್ಲಿಯೇ ಬಿದ್ದೆ. ಅಲ್ಲಿ ಕಂಬಳಿ ಎಲ್ಲಿಂದ ಬರಬೇಕು? ನಮ್ಮ ಮಾಸ್ತರರು ಗೋಡೆಯ ಮೇಲಿದ್ದ ಭಾರತದ ನಕ್ಷೆಯನ್ನು ಇಳಿಸಿ ನನ್ನ ಮೇಲೆ ಹೊದಿಸಿದರಂತೆ. ಕಾಶ್ಮೀರ ನನ್ನ ಮುಖದ ಮೇಲೆ, ಕನ್ಯಾಕುಮಾರಿ ಮೊಣಕಾಲಿನ ಹತ್ತಿರ. ದೇಶವನ್ನೇ ಹೊದ್ದು ಮಲಗಿದ ಭಾಗ್ಯ ಎಷ್ಟು ಜನರಿಗೆ ಬರುತ್ತದೆ? ಮರುದಿನ ಹೆಡ್‌ಮಾಸ್ತರರು ಅಪ್ಪನನ್ನು ಕರೆಸಿ, ಉಳಿದ ಮಕ್ಕಳು ಹೆದರುತ್ತಾರೆ, ಇವಳನ್ನು ಶಾಲೆಗೆ ಕಳಿಸಬಹುದು ಎಂದು ದೊಡ್ಡ ಡಾಕ್ಟರ ಕಡೆಯಿಂದ ಒಂದು ಚೀಟಿ ತನ್ನಿ, ಅಲ್ಲಿಯತನಕ ಮನೆಯಲ್ಲಿರಲಿ ಎಂದರು. ಶಾಲೆಯಲ್ಲಿ ನಾನೇನೂ ಜಾಣೆಯಲ್ಲ, ಲೆಕ್ಕದಲ್ಲಿ ನನಗೂ ಅಪ್ಪನ ಗಿರಣಿಯ ಕಲ್ಲಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಆದರೂ ಬೆಳಿಗ್ಗೆ ಓಣಿಯ ಹುಡುಗಿಯರು ಪಾಟಿಚೀಲ ಹಾಕಿಕೊಂಡು ಹೋಗುವುದನ್ನು ಬಾಗಿಲಲ್ಲಿ ನಿಂತು, ಅವರು ಮರೆಯಾಗುವತನಕ ನೋಡುತ್ತಿದ್ದೆ. ನನಗೆ ಶಾಲೆ ಬೇಕಿತ್ತು. ಬೇರೇನೂ ಬೇಡವಾಗಿತ್ತು.

ಲಿಂಗಸುಗೂರಿನಲ್ಲಿ ಅವ್ವನ ತಮ್ಮ ಒಬ್ಬ ಡಾಕ್ಟರ ಹತ್ತಿರ ಕಾಂಪೌಂಡರನಾಗಿದ್ದ. ಡಾಕ್ಟರು ಊರಲ್ಲಿ ಇಲ್ಲದ ದಿನ ಅವನೇ ಡಾಕ್ಟರು; ಇದ್ದ ದಿನ ಅವರಿಗೆ ಸಲಹೆಗಾರ. ಹೈದರಾಬಾದಿನಲ್ಲಿ ಹೊಸ ಮಷಿನ್ ಬಂದಿದೆ, ತಲೆಯನ್ನು ಕೊಯ್ಯದೆಯೇ ಮೆದುಳನ್ನು ಉಳ್ಳಾಗಡ್ಡಿ ಹೆಚ್ಚಿದಂತೆ ಪದರ ಪದರವಾಗಿ ಫೋಟೋ ತೆಗೆಯುತ್ತದೆ, ಮೂರ್ಛೆ ಎಲ್ಲಿಂದ ಏಳುತ್ತದೆ ಎಂಬುದನ್ನು ತೋರಿಸಿಬಿಡುತ್ತದೆ ಎಂದು ಮೊದಲು ಹೇಳಿದವನು ಈ ಮಾವನೇ. ಅದರ ಹೆಸರು ಸ್ಕ್ಯಾನ್. ಆಯಿಗೆ ನಂಬಿಕೆ ಬರಲಿಲ್ಲ. ಎದುರಿಗೆ ನಿಂತು ತೆಗೆದ ಫೋಟೋದಲ್ಲಿಯೇ ತನ್ನ ಮೂಗು ಸರಿಯಾಗಿ ಬಂದಿಲ್ಲ, ತಲೆಯೊಳಗಿನದು ಹೇಗೆ ಬಂದೀತು ಎಂದಳು. ಆದರೂ ಸಿಂಧನೂರಿನ ಮಕ್ಕಳ ಡಾಕ್ಟರಿಂದ ಪತ್ರ ಬರೆಸಿಕೊಂಡು, ಬುತ್ತಿ ಕಟ್ಟಿಕೊಂಡು, ಅಪ್ಪ, ಅವ್ವ, ಮಾವ, ನಾನು ಬಸ್ಸು ಹತ್ತಿದೆವು.

ಆ ಮಷಿನ್ ನೋಡಿದರೆ ದೊಡ್ಡದೊಂದು ಬೀಸುಕಲ್ಲನ್ನು ಅಡ್ಡ ನಿಲ್ಲಿಸಿದ ಹಾಗಿತ್ತು. ನಡುವೆ ಕಾಳು ಹಾಕುವ ಬಾಯಿ. ಆ ಬಾಯಿಗೆ ನನ್ನ ತಲೆ. ಅಲುಗಾಡಬಾರದು ಎಂದರು. ಹುಟ್ಟಿದಾಗಿನಿಂದ ನನಗೆ ಎಲ್ಲರೂ ಹೇಳಿದ ಮಾತೇ ಅದು, ಅದಕ್ಕೆ ಹೈದರಾಬಾದಿಗೆ ಬರಬೇಕಿತ್ತೇ ಎನಿಸಿತು. ನನಗಿದ್ದ ಭಯ ಬೇರೆಯೇ. ಹಿಂದಿನ ವಾರ ಗಡಿಗೆಯೊಳಗಿನ ಬೆಲ್ಲ ಕದ್ದು ತಿಂದು ತಮ್ಮನ ಮೇಲೆ ಹಾಕಿದ್ದೆ. ತಲೆಯೊಳಗಿನದೆಲ್ಲ ಫೋಟೋದಲ್ಲಿ ಬರುವುದಾದರೆ ಅದೂ ಬಂದೀತಲ್ಲ ಎಂದು ನಾನು ಮಷಿನ್ನಿನೊಳಗೆ ಮಲಗಿ ಬೆಲ್ಲವನ್ನು ನೆನೆಯದಿರಲು ಒದ್ದಾಡಿದೆ. ನೆನೆಯಬಾರದು ಎಂದುಕೊಂಡಷ್ಟೂ ಇಡೀ ಗಡಿಗೆಯೇ ಕಣ್ಣ ಮುಂದೆ ಬರುತ್ತಿತ್ತು. ಹೊರಗೆ ಬಂದ ಮೇಲೆ ಫಿಲ್ಮು ಕೈಗೆ ಕೊಟ್ಟರು. ಒಂದೇ ಹಾಳೆಯ ಮೇಲೆ ಸಾಲಾಗಿ ಹನ್ನೆರಡು ಮೆದುಳು. ಅಪ್ಪ ಅದನ್ನು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿ, “ಇಷ್ಟೆಲ್ಲಾ ಐತಿ, ಮತ್ತ ಲೆಕ್ಕ ಯಾಕ ಬರವಲ್ದು ಈಕಿಗಿ?” ಎಂದ.

ಡಾಕ್ಟರು ಕಲಬುರ್ಗಿ ಕಡೆಯವರು. ನಮ್ಮ ಮಾತು ಕೇಳಿ ಖುಷಿಯಾಗಿ ಕೂಡಲು ಹೇಳಿದರು. ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಏಳನೆಯದೋ ಎಂಟನೆಯದೋ ಮೆದುಳಿನ ಮೇಲೆ ಪೆನ್ನು ಇಟ್ಟರು. ಅಲ್ಲೊಂದು ಕಡಲೆಬೇಳೆಯಷ್ಟು ಬಿಳಿ ಚುಕ್ಕೆ. ಆಮೇಲೆ ಸಾವಕಾಶವಾಗಿ ತಿಳಿಸಿ ಹೇಳಿದರು. ಚುಕ್ಕೆ ಇರುವುದು ಮೆದುಳಿನ ಬಲಗಡೆ. ಬಲಗಡೆಯ ಮೆದುಳು ಆಡಿಸುವುದು ಎಡಗೈಯನ್ನು. ಮೂರ್ಛೆ ಶುರುವಾಗುವಾಗ ಎಡಗೈ ಮೊದಲು ಅಲುಗಿದರೆ ಈ ಚುಕ್ಕೆಯೇ ಕಳ್ಳ. ಸಿಕ್ಕಿಬಿದ್ದಿದ್ದಾನೆ, ಕೆಲವು ವರ್ಷ ಗುಳಿಗೆ ನುಂಗಿದರೆ ಬಹುಶಃ ಸಾಕು, ಶಾಲೆಗೆ ಚೀಟಿಯನ್ನೂ ಬರೆದುಕೊಡುತ್ತೇನೆ. ಬಲಗೈ ಮೊದಲು ಅಲುಗಿದರೆ ಚುಕ್ಕೆ ಬರೀ ದಾರಿಹೋಕ. ಕಳ್ಳ ಬೇರೆಲ್ಲೋ ಅಡಗಿದ್ದಾನೆ. ಇನ್ನೂ ಪರೀಕ್ಷೆಗಳು ಬೇಕು, ಮುಂದೆ ತಲೆಯನ್ನು ತೆರೆಯುವ ಮಾತೂ ಬರಬಹುದು. ಇಷ್ಟು ಹೇಳಿ, ಯಾವ ಕೈ ಮೊದಲು ಎಂದು ಕೇಳಿದರು.

ಬಲಗೈ ಎಂದ ಅಪ್ಪ, ಒಂದು ಚೂರೂ ತಡವರಿಸದೆ. ಅವ್ವನೂ ತಲೆಯಾಡಿಸಿದಳು. ಮಾವನಂತೂ ಯಾರೂ ಕೇಳದಿದ್ದರೂ ಬಲಗೈ ಎಂದು ಸಾಕ್ಷಿ ಹೇಳಿದ. ಅವನು ನನ್ನ ಮೂರ್ಛೆಯನ್ನು ಒಂದು ಸಲವೂ ಕಂಡವನಲ್ಲ. ಡಾಕ್ಟರು ಮೂವರ ಮುಖವನ್ನೂ ನೋಡಿ, ಕಣ್ಣಾರೆ ಕಂಡವರು ಯಾರು ಎಂದರು. ಎರಡು ವರ್ಷದಲ್ಲಿ ಅಷ್ಟು ಸಲ ನಾನು ಬಿದ್ದಿದ್ದೆ. ಹೇಗೆ ಬೀಳುತ್ತೇನೆಂದು ಕಂಡವರು ಒಬ್ಬರೂ ಇರಲಿಲ್ಲ. ಅವರೆಲ್ಲರ ನೆನಪಿನಲ್ಲಿದ್ದದ್ದು ಕೀಲಿಕೈ ಇಟ್ಟ ಕೈ, ಅಷ್ಟೇ.

“ನೋಡಬಾರದಂತ ರೀ,” ಎಂದಳು ಅವ್ವ, ಸೆರಗು ಹೊದ್ದುಕೊಳ್ಳುತ್ತ.

ಡಾಕ್ಟರು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. “ನನ್ನ ಮಷಿನ್ ಚುಕ್ಕಿ ತೋರಿಸ್ತದ, ತಾಯಿ. ಆ ಚುಕ್ಕಿನೇ ಕಳ್ಳ ಹೌದೋ ಅಲ್ಲೋ ಅಂತ ಹೇಳಬೇಕಾದಾಕಿ ನೀನು,” ಎಂದರು. ಗುಳಿಗೆ ಬರೆದುಕೊಟ್ಟರು. ಇನ್ನೊಮ್ಮೆ ಬಂದರೆ ಕಂಬಳಿ ಬೇಡ, ಕೀಲಿಕೈ ಬೇಡ, ಚಪ್ಪಲಿಯಂತೂ ಬೇಡವೇ ಬೇಡ. ಮಗ್ಗುಲಿಗೆ ಮಲಗಿಸಿ, ಕುತ್ತಿಗೆಯ ಹತ್ತಿರ ಬಟ್ಟೆ ಸಡಿಲ ಮಾಡಿ, ಕಣ್ಣು ಬಿಟ್ಟು ನೋಡಬೇಕು. ಒಂದು ತಿಂಗಳು ಬಿಟ್ಟು ಬಂದು ಕಂಡದ್ದನ್ನು ಹೇಳಬೇಕು ಎಂದರು. ಅಷ್ಟು ದೂರದಿಂದ ಬಂದು, ಅಷ್ಟು ದೊಡ್ಡ ಮಷಿನ್ನಿನಲ್ಲಿ ಮಲಗಿ, ಕೊನೆಗೆ ಸಿಕ್ಕ ವೈದ್ಯ ಇದು: ನೋಡಿ. ದಾರಿಯುದ್ದಕ್ಕೂ ಮಾವನಿಗೆ ಅದನ್ನು ಅರಗಿಸಿಕೊಳ್ಳಲಾಗಲಿಲ್ಲ.

ಊರಿಗೆ ಬಂದ ಮೇಲೆ ಒಂದು ವಿಚಿತ್ರ ನಡೆಯಿತು. ಬೇಡ ಬೇಡ ಎಂದಾಗ ಹದಿನೈದು ದಿನಕ್ಕೊಮ್ಮೆ ತಪ್ಪದೆ ಬರುತ್ತಿದ್ದ ಮೂರ್ಛೆ, ಬೇಕು ಎಂದಾಗ ಬರಲೊಲ್ಲದು. ಗುಳಿಗೆಯ ಗುಣವಿರಬೇಕು. ಮನೆಯವರೆಲ್ಲ ನನ್ನ ಕೈಗಳನ್ನೇ ದಿಟ್ಟಿಸುತ್ತ ಕೂತರು. ಉಣ್ಣಲು ಕೈ ಎತ್ತಿದರೆ ಅಪ್ಪ ತುತ್ತು ಬಿಟ್ಟು ನೋಡುತ್ತಿದ್ದ. ತಲೆ ಕೆರೆದುಕೊಂಡರೆ ಆಯಿ ‘ಬಂತು’ ಎನ್ನುತ್ತಿದ್ದಳು. ಜೋಳ ಬೀಸಿಸಲು ಬಂದ ಸಂತೆಕಲ್ಲೂರಿನ ಗಿರಾಕಿಗಳೂ ಹಿಟ್ಟು ತುಂಬಿಸಿಕೊಂಡು ಹೋಗುವ ಮೊದಲು ಒಳಗೆ ಹಣಿಕಿ, ಬಂತೇನು ಎಂದು ವಿಚಾರಿಸುತ್ತಿದ್ದರು. ಇಪ್ಪತ್ತು ದಿನ ಕಳೆಯಿತು. ಆಯಿ ಒಂದು ಉಪಾಯ ಹೇಳಿದಳು: ಎರಡು ದಿನ ಗುಳಿಗೆ ಬಿಡಿಸಿದರೆ ತಾನಾಗಿ ಬರುತ್ತದೆ, ನೋಡಿ ಮುಗಿಸಿಬಿಡಿ. ಅಪ್ಪ ಹೌದೋ ಅಲ್ಲವೋ ಎಂಬಂತೆ ಅವ್ವನ ಕಡೆ ನೋಡಿದ. ಅತ್ತೆಯ ಎದುರು ಎಂದೂ ದನಿ ಏರಿಸದ ಅವ್ವ ಅಂದು, “ಬರಲಿ ಅಂತ ಗುಳಿಗಿ ಬಿಡಸಾಕ ನಾ ಆಕಿನ್ನ ಹಡದಿಲ್ಲ,” ಎಂದು ಎದ್ದುಹೋದಳು.

ಇಷ್ಟೆಲ್ಲ ಜನ ನನ್ನಿಂದ ಕಷ್ಟಪಡುತ್ತಿದ್ದಾರೆ ಎಂದು ನನಗೆ ಕನಿಕರವಾಯಿತು. ಅದಕ್ಕಿಂತ ಹೆಚ್ಚಾಗಿ ಶಾಲೆಯ ಚೀಟಿ ಬೇಕಿತ್ತು. ನಾನೇ ಒಂದು ಮೂರ್ಛೆ ತಂದುಕೊಟ್ಟರೆ ಹೇಗೆ? ತೊಂದರೆ ಏನೆಂದರೆ, ನನ್ನ ಮೂರ್ಛೆ ಹೇಗಿರುತ್ತದೆ ಎಂಬುದು ಉಳಿದವರಿಗೆ ಗೊತ್ತಿರಲಿಲ್ಲ ಎಂದೆನಲ್ಲ, ನನಗೂ ಗೊತ್ತಿರಲಿಲ್ಲ. ಎಚ್ಚರಾದ ಮೇಲೆ ನನಗೆ ಹಿಂದಿನದು ಏನೂ ನೆನಪಿರುತ್ತಿರಲಿಲ್ಲ. ಪಾಮನಕಲ್ಲೂರಿನ ಅತ್ತೆಗೆ ಮೈಮೇಲೆ ದೇವರು ಬರುವುದನ್ನು ಕಂಡಿದ್ದೆ. ಅದರಿಂದ ಸ್ವಲ್ಪ ಎತ್ತಿಕೊಂಡೆ. ಕರು ಹಾಕುವಾಗ ಎಮ್ಮೆ ಒದ್ದಾಡಿದ್ದನ್ನು ಕಂಡಿದ್ದೆ, ಅದರಿಂದ ಸ್ವಲ್ಪ. ಎಡ ಬಲದ ಡಾಕ್ಟರ ಲೆಕ್ಕ ಆಗ ನನ್ನ ತಲೆಗೆ ಹೋಗಿರಲಿಲ್ಲ; ಯಾವ ಕೈ ಎಂಬ ಪ್ರಶ್ನೆಗೆ ಅಪ್ಪನೇ ಉತ್ತರ ಹೇಳಿಕೊಟ್ಟಿದ್ದ. ಹಿತ್ತಲಲ್ಲಿ ಅವ್ವ ಪಾತ್ರೆ ತಿಕ್ಕುತ್ತಿದ್ದಾಗ ಅವಳ ಎದುರಿಗೇ ಬಿದ್ದು, ಬಲಗೈಯನ್ನು ಕಲ್ಲಿಗೆ ರಪರಪ ಬಡಿದೆ. ಎರಡು ಬಳೆ ಒಡೆದವು. ಅವ್ವ ಮುಖ ತಿರುಗಿಸಲಿಲ್ಲ. ಬೂದಿಗೈಯಲ್ಲೇ ನನ್ನನ್ನು ಮಗ್ಗುಲಿಗೆ ಮಲಗಿಸಿ ನೋಡುತ್ತ ಕೂತಳು. ರೆಪ್ಪೆಯ ಸಂದಿನಿಂದ ನಾನೂ ಅವಳನ್ನು ನೋಡಿದೆ. ಅವಳ ಮುಖ ಹೆದರಿ ಬಿಳುಚಿತ್ತು. ನನಗೆ ನನ್ನ ನಟನೆಯ ಮೇಲೆ ಅಭಿಮಾನ ಬಂತು.

ಆ ಅಭಿಮಾನ ಮರುದಿನದವರೆಗೂ ಬಾಳಲಿಲ್ಲ. ತಾನು ಮೊದಲೇ ಹೇಳಿರಲಿಲ್ಲವೇ ಎಂದು ಅಪ್ಪ ಗಿರಣಿಗೆ ಬಂದವರಿಗೆಲ್ಲ ಹೇಳಿಕೊಂಡ. ಲಿಂಗಸುಗೂರಿನಿಂದ ಮಾವ ಬಂದು, ಚಹಾ ಕುಡಿದು, ಗಂಟಲು ಸರಿಮಾಡಿಕೊಂಡು, ಹಾಗಿದ್ದರೆ ಚುಕ್ಕೆ ಕಳ್ಳನಲ್ಲ, ಡಾಕ್ಟರು ಹೇಳಿದ್ದು ಮರೆತಿರೇನು, ಇನ್ನು ತಲೆ ತೆರೆಯುವುದೇ ಸೈ ಎಂದ. ಎಲ್ಲಿ ಕೊರೆಯುತ್ತಾರೆ, ಎಷ್ಟು ಹೊಲಿಗೆ ಹಾಕುತ್ತಾರೆ ಎಂಬುದನ್ನು ತನ್ನ ತಲೆಯ ಮೇಲೆಯೇ ಬೆರಳಾಡಿಸಿ ತೋರಿಸಿದ. ಮೂರ್ಛೆಯ ಕಾರಣಕ್ಕೆ ಅಲ್ಲ, ನನ್ನ ಸುಳ್ಳಿನ ಕಾರಣಕ್ಕೆ ನನ್ನ ತಲೆಯನ್ನು ತೆರೆಯಲಿದ್ದರು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ನಾನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡೆ. ನಿಜ ಹೇಳಿದರೆ ಅಪ್ಪ ಬಡಿಯುತ್ತಾನೆ. ಹೇಳದಿದ್ದರೆ ಡಾಕ್ಟರು ಕೊಯ್ಯುತ್ತಾರೆ. ನುಂಗಲೂ ಆಗದೆ ಉಗುಳಲೂ ಆಗದೆ ಮೂರು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ನಾನು ಉಣ್ಣದಿದ್ದದ್ದನ್ನು ನೋಡಿ ಅವ್ವನೂ ಉಣ್ಣಲಿಲ್ಲ.

ನಾಲ್ಕನೆಯ ದಿನ ಹುಸೇನಬಿ ಬಂದಳು. ಬಳೆಯ ಮಲಾರ ಹೊತ್ತು ಓಣಿ ಓಣಿ ತಿರುಗುತ್ತಿದ್ದ ಹೆಂಗಸು. ಹೆಣ್ಣುಮಕ್ಕಳ ಕೈ ಬರಿದಾಗಿರಬಾರದು ಎಂದು ನಮ್ಮ ಮನೆಯಲ್ಲಿ ಒಂದು ಬಳೆ ಒಡೆದರೂ ಅವಳಿಗೆ ಹೇಳಿಕಳಿಸುತ್ತಿದ್ದರು. ಅವಳು ಕಟ್ಟೆಯ ಮೇಲೆ ಕೂತು, ನನ್ನನ್ನು ಎದುರಿಗೆ ಕೂಡಿಸಿಕೊಂಡು, ಕೇಳದೆಯೇ ನನ್ನ ಎಡಗೈ ಎಳೆದುಕೊಂಡಳು. ಎಡಗೈ ತುಂಬ ಬಳೆ ಇದ್ದವು. ಅವಳಿಗೆ ಅರ್ಥವಾಗಲಿಲ್ಲ. ಬಲಗೈಗೆ ಹಾಕು ಎಂದಳು ಅವ್ವ.

“ಬಲಗೈಗೆ?” ಎಂದಳು ಹುಸೇನಬಿ. “ಎಲ್ಡು ವರ್ಷ ಆತು ಯಕ್ಕಾ, ಈ ಕೂಸಿಗೆ ನಾ ಬಳಿ ಇಡಾಕತ್ತು. ಬರೇ ಎಡಗೈಗೇ ಇಟ್ಟೀನಿ. ಬಲಗೈದಾಗಿನ್ವು ನೋಡು, ಆ ಯುಗಾದಿ ಬಳಿ ಇನ್ನಾ ಹಂಗಾ ಅದಾವ.”

ಅವ್ವ ನನ್ನ ಎರಡೂ ಕೈಗಳನ್ನು ಹಿಡಿದು ನೋಡಿದಳು. ಎಡಗೈಯಲ್ಲಿ ಹಸಿರು, ಕೆಂಪು, ಹಳದಿ, ಬೇರೆ ಬೇರೆ ದಿನ ಇಟ್ಟ ಬಳೆಗಳು. ಬಲಗೈಯಲ್ಲಿ ಮೊನ್ನೆ ಒಡೆದ ಎರಡನ್ನು ಬಿಟ್ಟರೆ ಎಲ್ಲವೂ ಒಂದೇ ಬಣ್ಣದ, ಅಂಚು ಸವೆದ ಹಳೆಯ ಬಳೆಗಳು. ಆಮೇಲೆ ನನ್ನ ಮುಖ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಅವಳು ಏನೂ ಕೇಳುವ ಮೊದಲೇ ನಾನು ಅಳಲು ಶುರು ಮಾಡಿ ಎಲ್ಲವನ್ನೂ ಒದರಿಬಿಟ್ಟೆ. ಅವ್ವ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಎರಡನೆಯದಕ್ಕೆ ಎತ್ತಿದ ಕೈ ಹಾಗೇ ಇಳಿಯಿತು. ಹುಸೇನಬಿ ಇದು ತನಗೆ ಸಂಬಂಧಪಡದ್ದು ಎಂಬಂತೆ ಮಲಾರ ಕಟ್ಟತೊಡಗಿದಳು.

ಅಪ್ಪನಿಗೆ ಹೇಳಿದಾಗ ಅವನು ಸುಲಭಕ್ಕೆ ಸೋಲಲಿಲ್ಲ. ಬಲಗೈಯನ್ನು ತಾನು ಕೀಲಿಕೈ ಇಟ್ಟು ಒತ್ತಿ ಹಿಡಿದಿರುತ್ತಿದ್ದೆ, ಅಲ್ಲಾಡಿದ್ದು ಬಿಟ್ಟ ಕೈಯಷ್ಟೇ, ಅದಕ್ಕೇ ಅದರ ಬಳೆ ಒಡೆದವು, ಅದರಿಂದ ಏನು ತಿಳಿದಂತಾಯಿತು ಎಂದು ವಕೀಲನ ಹಾಗೆ ಕೇಳಿದ. ಸತ್ಯ ಹೇಳಬೇಕೆಂದರೆ ಅವನ ಮಾತಿನಲ್ಲಿ ಹುರುಳಿತ್ತು. ಬಳೆ ಸಂಶಯ ಹುಟ್ಟಿಸಬಲ್ಲದು, ಸಾಕ್ಷಿ ನುಡಿಯಲಾರದು. ಅವ್ವ ವಾದ ಮಾಡಲಿಲ್ಲ. ಅಂದಿನಿಂದ ನಾನು ಎಲ್ಲಿ ಕೂತರೂ ತನ್ನ ಕೆಲಸವನ್ನು ಅಲ್ಲಿಗೇ ತಂದುಕೊಂಡಳು. ರೊಟ್ಟಿ ಬಡಿಯುವಾಗ ನಾನು ಒಲೆಯ ಹತ್ತಿರ, ನೀರಿಗೆ ಹೋದರೆ ನಾನು ಅವಳ ಹಿಂದೆ. ಕಂಬಳಿಯನ್ನು ಮಡಿಸಿ ಅಟ್ಟದ ಮೇಲೆ ಹಾಕಿದಳು. ಆಯಿ ಅದನ್ನು ನೋಡಿಯೂ ನೋಡದ ಹಾಗೆ ಇದ್ದಳು.

ಹೈದರಾಬಾದಿಗೆ ಹೋಗಲು ನಾಲ್ಕು ದಿನ ಇರುವಾಗ, ಒಂದು ಮಧ್ಯಾಹ್ನ, ನಾನು ಮೊರದಲ್ಲಿ ತೊಗರಿಬೇಳೆ ಇಟ್ಟುಕೊಂಡು ಕಲ್ಲು ಆರಿಸುತ್ತಿದ್ದೆ. ಅಪ್ಪ ಹೊರಗೆ ಗಿರಣಿಯ ಹರಿದ ಬೆಲ್ಟಿನ ಪಟ್ಟಾ ಜೋಡಿಸುತ್ತಿದ್ದ. ಆಯಿ ಯಾರದೋ ಮನೆಗೆ ಹೋಗಿದ್ದಳು. ನನಗೆ ನೆನಪಿರುವುದು ಅಷ್ಟೇ. ಮುಂದಿನ ನೆನಪೆಂದರೆ, ಎಚ್ಚರಾಗುತ್ತಿದೆ, ಆದರೆ ವಾಸನೆ ಬರುತ್ತಿಲ್ಲ. ಎಂದಿನ ಚಪ್ಪಲಿ ಎಲ್ಲಿ ಎಂದುಕೊಂಡು ಕಣ್ಣು ತೆರೆದರೆ, ಗೇಣು ದೂರದಲ್ಲಿ ಅವ್ವನ ಮುಖ. ಸುತ್ತ ನೆಲದ ಮೇಲೆಲ್ಲ ಬೇಳೆ ಚೆಲ್ಲಿತ್ತು. ನನ್ನ ಎಡಗೈಯ ಹೆಬ್ಬೆಟ್ಟಿಗೆ ಅವಳ ಸೀರೆಯ ಅಂಚಿನಿಂದ ಹರಿದ ಒಂದು ಎಳೆ ಕಟ್ಟಿತ್ತು. ಎಡ ಬಲ ಎಂದು ಮುಂದೆ ಯಾರೂ ತಕರಾರು ತೆಗೆಯಬಾರದು ಎಂದು, ಮೊದಲು ಅಲುಗಿದ ಬೆರಳನ್ನೇ ಕಟ್ಟಿ ಗುರುತು ಮಾಡಿದ್ದಳು. “ಹೆಬ್ಬೆಟ್ಟು. ಆಮ್ಯಾಲ ಕೈ. ಆಮ್ಯಾಲ ಮಾರಿ,” ಎಂದಳು, ಅಂಗಡಿಯ ಚೀಟಿ ಓದಿದ ಹಾಗೆ. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ನಾನು ಬೇಳೆ ಆರಿಸಿ ತುಂಬಿದೆ.

ಆ ಎಳೆಯನ್ನು ಯಾರಿಗೂ ಬಿಚ್ಚಗೊಡದೆ ಅವ್ವ ನನ್ನನ್ನು ಹೈದರಾಬಾದಿನವರೆಗೆ ಕರೆದೊಯ್ದಳು. ಡಾಕ್ಟರು ಯಾವ ಕೈ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಬ್ಬೆಟ್ಟನ್ನು ಅವರ ಮೇಜಿನ ಮೇಲೆ ಇಟ್ಟಳು. ಅವರು ಆ ಬೆರಳನ್ನು ನೋಡಿದರು, ಫಿಲ್ಮಿನ ಮೇಲಿನ ಚುಕ್ಕೆಯನ್ನು ನೋಡಿದರು, ಮತ್ತೆ ಬೆರಳನ್ನು ನೋಡಿದರು. ಚುಕ್ಕೆ ಇರುವ ಜಾಗ ಸರಿಯಾಗಿ ಆ ಕೈಯದೇ ಎಂದರು. ತಲೆ ತೆರೆಯುವ ಮಾತು ಅಲ್ಲಿಗೆ ನಿಂತಿತು. ಶಾಲೆಗೆ ಚೀಟಿ ಬರೆದರು. ಈ ಚುಕ್ಕೆ ಹೇಗೆ ಬಂತು ಎಂದು ಮಾವ ಕೇಳಿದ್ದಕ್ಕೆ, ತೊಳೆಯದ ಹಸಿ ತರಕಾರಿಯ ಜೊತೆ ಒಂದು ಜಾತಿಯ ಹುಳದ ತತ್ತಿ ಹೊಟ್ಟೆಗೆ ಹೋಗಿ ಅಲ್ಲಿಂದ ಮೆದುಳಿಗೆ ಸೇರಿರಬಹುದು ಎಂದರು. ಆ ಹುಳದ ಮೂಲ ಹಂದಿಯ ಮಾಂಸ ತಿನ್ನುವ ಕಡೆ ಇರುತ್ತದಂತೆ. ಈ ಸಂಗತಿಯನ್ನು ಆಯಿಗೆ ಯಾರೂ ಹೇಳಬಾರದು ಎಂದು ನಾವು ಬಸ್ಸಿನಲ್ಲಿಯೇ ಒಪ್ಪಂದ ಮಾಡಿಕೊಂಡೆವು. ರೊಟ್ಟಿಯ ಜೊತೆ ಹಸಿ ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಕಚಕಚ ತಿನ್ನುವವರು ನಾವು. ಅವ್ವ ಅದನ್ನು ಬಿಡಿಸಲಿಲ್ಲ, ಮೂರು ನೀರಿನಲ್ಲಿ ತೊಳೆಯತೊಡಗಿದಳು. ಆಯಿ ಅದನ್ನು ಸೊಸೆಯ ಹೊಸ ಮಡಿ ಎಂದುಕೊಂಡು ಮೆಚ್ಚಿದಳು.

ಮೂರು ವರ್ಷ ಗುಳಿಗೆ ನುಂಗಿದೆ. ಮೊದಲ ವರ್ಷ ಎರಡು ಸಲ ಬಂತು, ಆಮೇಲೆ ಬರಲಿಲ್ಲ. ಎರಡನೆಯ ಸಲ ಫೋಟೋ ತೆಗೆಸಿದಾಗ ಕಡಲೆಬೇಳೆ ಸವೆದು ಎಳ್ಳಾಗಿತ್ತು. ನಾನು ಐದನೆಯ ಇಯತ್ತೆಯನ್ನು ಎರಡು ಸಲ ಓದಿದೆ. ಲೆಕ್ಕದಲ್ಲಿ ಎರಡು ಸಲವೂ ಅಷ್ಟಕ್ಕಷ್ಟೇ. ಮೊದಲ ಫಿಲ್ಮು ಮಾತ್ರ ಮನೆಯಲ್ಲೇ ಉಳಿಯಿತು. ಕೆಲವು ವರ್ಷಗಳ ನಂತರ ದೊಡ್ಡ ಸೂರ್ಯಗ್ರಹಣ ಆದಾಗ ಅಪ್ಪ ಅದನ್ನು ಹೊರಗೆ ತಂದ. ಅಂಥದ್ದರಲ್ಲಿ ಸೂರ್ಯನನ್ನು ನೋಡಬಾರದು, ಕಣ್ಣು ಹೋಗುತ್ತದೆ ಎಂದು ಈಗ ನಾನು ಮಕ್ಕಳಿಗೆ ಪಾಠ ಹೇಳುತ್ತೇನೆ. ಅಂದು ನಮ್ಮ ಓಣಿಯವರೆಲ್ಲ ಸರದಿಯಲ್ಲಿ ನಿಂತು ನನ್ನ ಮೆದುಳಿನೊಳಗಿನಿಂದ ಗ್ರಹಣ ನೋಡಿದರು. ನನ್ನ ತಲೆಯಿಂದ ಊರಿಗೆ ಉಪಯೋಗವಾದದ್ದು ಅದೊಂದೇ ಸಲ ಎಂದು ಮಾವ ಈಗಲೂ ಹೇಳುತ್ತಾನೆ.

ಮೊನ್ನೆ ಅಂಗಡಿಯವನಿಗೂ ಇದನ್ನೆಲ್ಲ ಹೇಳಿದೆ. ನಾನು ಹೇಳುವುದೇ ಹೀಗೆ. ಶಾಲೆಯ ಸ್ಟಾಫ್‌ರೂಮಿನಲ್ಲಿ, ಮದುವೆಯ ಮನೆಗಳಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಕೂಡ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಗೋಡೆಗೆ ಮುಖ ಮಾಡಿ ನಿಲ್ಲುವ ನಮ್ಮ ಮನೆಯವರನ್ನು ಎದ್ದು ನಿಂತು ಅಭಿನಯಿಸಿಯೂ ತೋರಿಸುತ್ತೇನೆ. ಅಂಗಡಿಯವನೂ ಹೊಟ್ಟೆ ಹಿಡಿದು ನಕ್ಕ. ನಗುತ್ತಲೇ, ನಿಮ್ಮವ್ವ ಆ ದಿನ ಹೆದರಲಿಲ್ಲವೇ, ಒಬ್ಬಳೇ ಇದ್ದಳಲ್ಲ ಎಂದು ಕೇಳಿದ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಹೇಳುತ್ತ ಬಂದ ನಾನು ಆ ಮಾತನ್ನು ಅವ್ವನ ಹತ್ತಿರ ಒಮ್ಮೆಯೂ ಕೇಳಿರಲಿಲ್ಲ.

ಹೊರಗೆ ಬಂದು ಫೋನ್ ಮಾಡಿದೆ. ಅವ್ವ ಮಸ್ಕಿಯಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಅಪ್ಪ ಹೋದ ಮೇಲೆ ಗಿರಣಿಯನ್ನು ತಮ್ಮ ನಡೆಸುತ್ತಾನೆ, ಫೋನಿನಲ್ಲಿ ಅದರ ಸದ್ದು ಕೇಳುತ್ತಿತ್ತು. ಆ ದಿನ ನೀನು ಏನು ನೋಡಿದೆ ಎಂದು ಕೇಳಿದೆ. ಈಗ್ಯಾಕೆ ಅದು ಎಂದಳು. ಸುಮ್ಮನೆ ಹೇಳು ಎಂದೆ.

“ಹೆಬ್ಬೆಟ್ಟು ಅಲ್ಲಾಡಾಕ ಹತ್ತಿತು. ನೀ ಅದನ್ನ ನೋಡಿದಿ. ಆಮ್ಯಾಲ ನನ್ನ ನೋಡಿದಿ. ಬಾಯಿ ಬಿದ್ದು ಮಾತು ನಿಂತಿತ್ತು, ಆದ್ರ ಖಬರ ಇತ್ತು, ಎಚ್ಚರ ಇತ್ತು ಬೇ ನಿನಗ. ಹೆದರಿ ನನ್ನ ಕಡೀನ ನೋಡಾಕತ್ತಿದ್ದಿ, ಕಣ್ಣು ಮ್ಯಾಲ ಹೋಗೂತನಕ.” ಗಿರಣಿ ನಿಂತಿತು. ಅವಳು ದನಿ ತಗ್ಗಿಸಿದಳು. “ಅದಕ್ಕಿಂತ ಮೊದ್ಲ ಬಂದಾಗೆಲ್ಲಾನೂ ಹಂಗಾ ನೋಡಿರಬೇಕು ನೀ. ನಾ ಗ್ವಾಡಿ ನೋಡಾಕತ್ತಿದ್ದೆ.”

ಇಷ್ಟು ವರ್ಷ ನಾನು ನಗಿಸಲು ಆಡಿ ತೋರಿಸಿದ್ದು ಈ ಹೆಂಗಸಿನ ಬೆನ್ನನ್ನು ಎಂದು ಆಗ ತಿಳಿಯಿತು, ನಾಚಿಕೆಯೂ ಆಯಿತು. ಮನೆಗೆ ಫೋನ್ ಮಾಡಿ, ಇವತ್ತು ಅನ್ನ ನೀವೇ ಮಾಡಿಕೊಳ್ಳಿ ಎಂದು ಹೇಳಿ, ನಿಂತಿದ್ದ ಮಸ್ಕಿ ಬಸ್ಸು ಹತ್ತಿದೆ. ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಏನಾಯಿತು, ಹೇಳದೆ ಕೇಳದೆ ಬಂದೆಯಲ್ಲ ಎಂದಳು. ನಾನು ಅವಳ ಎದುರಿಗೆ ನೆಲದ ಮೇಲೆ ಕೂತು ಅವಳ ಮುಖವನ್ನೇ ನೋಡಿದೆ. ಅವಳು ಮೊರವನ್ನು ಪಕ್ಕಕ್ಕಿಟ್ಟು ನನ್ನನ್ನು ನೋಡಿದಳು.